ರೋಗ ಹೇಳಿಕೊಳ್ಳಲು ಒಂದು ಭಾಷೆ

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಗಡಿನಾಡಿನ ಕನ್ನಡದ ಭವಿಷ್ಯವನ್ನು ಕುರಿತು ಬರೆಯಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಕೊಟ್ಟರು. ಸಾಹಿತ್ಯ, ಯಕ್ಷಗಾನ, ಶಿಕ್ಷಣ ಮಾಧ್ಯಮ ಇವುಗಳ ವಿಚಾರವಾಗಿ ನನಗಿಂತ ಬಲ್ಲವರು ಈ ಪುಟಗಳಲ್ಲಿ ಬರೆದೇ ಬರೆಯುತ್ತಾರೆ. ಆದುದರಿಂದ ನಾನು ಆರೋಗ್ಯ ಕೇಂದ್ರದ ಗಣಕಯಂತ್ರವನ್ನೂ ನಮ್ಮ ಕೈಯಲ್ಲಿರುವ ಮೊಬೈಲನ್ನೂ ಕುರಿತು ಬರೆಯಲು ಹೊರಟಿದ್ದೇನೆ. ಕಾಸರಗೋಡಿನ ಕನ್ನಡಿಗರ ಭಾಷಾಪ್ರಶ್ನೆ ಇಂದು ಅಲ್ಲಿಯೂ ಬಂದು ನಿಂತಿದೆ.

ಹಳ್ಳಿಯ ಉಪಕೇಂದ್ರದಲ್ಲಿ ಕುಳಿತ ರೋಗಿಯನ್ನು ದೂರದ ವೈದ್ಯರಿಗೆ ತೋರಿಸುವ ‘ಇ-ಸಂಜೀವನಿ’ ವ್ಯವಸ್ಥೆ 2019ರಲ್ಲಿ ಬಂದಿತು. 2020ರ ಏಪ್ರಿಲಿನಲ್ಲಿ, ಕೋವಿಡ್ ಕಾಲದ ದಿಗ್ಬಂಧನದ ನಡುವೆ, ಮನೆಯಿಂದಲೇ ವೈದ್ಯರನ್ನು ಕಾಣುವ ಸೌಲಭ್ಯವೂ ಅದಕ್ಕೆ ಸೇರಿತು. 2021ರ ಸೆಪ್ಟೆಂಬರಿನಲ್ಲಿ ದೇಶದಾದ್ಯಂತ ಜಾರಿಗೆ ಬಂದ ಡಿಜಿಟಲ್ ಆರೋಗ್ಯ ಯೋಜನೆಯು ಪ್ರತಿಯೊಬ್ಬರಿಗೂ 14 ಅಂಕಿಗಳ ಆರೋಗ್ಯ ಸಂಖ್ಯೆಯನ್ನು ಕೊಡಲು ಮುಂದಾಯಿತು. ಬಸ್ಸಿಗಾಗಿ ಗಂಟೆಗಟ್ಟಲೆ ಕಾದು, ಅರ್ಧ ದಿನದ ಕೂಲಿ ಕಳೆದುಕೊಂಡು ಆಸ್ಪತ್ರೆಗೆ ಹೋಗುವ ನಮ್ಮ ಗ್ರಾಮೀಣರಿಗೆ ಇದು ವರದಾನವೆಂಬುದರಲ್ಲಿ ನನಗೆ ಸಂಶಯವಿಲ್ಲ. ಯಂತ್ರವನ್ನು ಹಳಿಯುವವರ ಸಾಲಿನಲ್ಲಿ ನಾನಿಲ್ಲ.

ಆದರೆ ಒಂದು ಮಾತನ್ನು ಗಮನಿಸಬೇಕು. ರೋಗಿಯು ಎದುರಿಗಿದ್ದಾಗ ವೈದ್ಯರು ನಾಡಿ ಹಿಡಿಯುತ್ತಾರೆ, ಹೊಟ್ಟೆ ಒತ್ತಿ ನೋಡುತ್ತಾರೆ. ಭಾಷೆ ಬಾರದಿದ್ದರೂ ಕೈ ತೋರಿಸಿ ‘ಇಲ್ಲಿ’ ಎಂದರೆ ಕೆಲಸ ನಡೆಯುತ್ತದೆ. ಪರದೆಯ ಮುಂದೆ ಆ ಸ್ಪರ್ಶವಿಲ್ಲ. ಮುಖ ಮಾತ್ರ ಕಾಣುತ್ತದೆ, ಜಾಲಸಂಪರ್ಕ ಕ್ಷೀಣಿಸಿದರೆ ಅದೂ ಇಲ್ಲ. ಉಳಿಯುವುದು ಮಾತೊಂದೇ. ನಮ್ಮ ನೋವಿಗೆ ಎಷ್ಟು ಹೆಸರುಗಳಿವೆ! ಸೆಳೆತವೇ ಬೇರೆ, ಉರಿಯೇ ಬೇರೆ. ಚುಚ್ಚಿದ ಹಾಗೆ, ಹಿಂಡಿದ ಹಾಗೆ, ಭಾರ ಇಟ್ಟ ಹಾಗೆ, ಜೋಮು ಹಿಡಿದ ಹಾಗೆ ಎಂಬ ಒಂದೊಂದು ಮಾತೂ ವೈದ್ಯರಿಗೆ ಒಂದೊಂದು ದಾರಿ ತೋರಿಸುತ್ತದೆ. ಎದೆ ಉರಿ ಎಂದವರಿಗೆ ಕೊಡುವ ಮದ್ದೇ ಬೇರೆ, ಎದೆ ಹಿಂಡಿದಂತಾಗುತ್ತದೆ ಎಂದವರಿಗೆ ಮಾಡಬೇಕಾದುದೇ ಬೇರೆ. ನನ್ನ ವೃದ್ಧ ಬಂಧುವೊಬ್ಬರು ಹೀಗೆ ದೂರದ ವೈದ್ಯರೊಡನೆ ಮಾತನಾಡುವಾಗ ಪಕ್ಕದಲ್ಲಿ ಕುಳಿತಿದ್ದ ಮೊಮ್ಮಗನು ಈ ಎರಡನ್ನೂ ‘ಎದೆನೋವು’ ಎಂಬ ಒಂದೇ ಮಲಯಾಳ ಪದದಲ್ಲಿ ದಾಟಿಸಿದನು. ಹುಡುಗನ ತಪ್ಪೇನಿಲ್ಲ. ಹೆಂಗಸರ ಕಾಯಿಲೆಗಳನ್ನು ಮೊಮ್ಮಗನ ಬಾಯಿಂದ ಹೇಳಿಸುವುದಾದರೂ ಹೇಗೆ? ಎಷ್ಟೋ ಮಂದಿ ಹೇಳದೆಯೇ ಉಳಿಯುತ್ತಾರೆ. ಆದುದರಿಂದ ಆರೋಗ್ಯ ಸೇವೆಯಲ್ಲಿ ಕನ್ನಡವನ್ನು ಕೇಳುವುದು ಕೇವಲ ಭಾಷಾಭಿಮಾನದ ಮಾತಲ್ಲ, ಅದು ಚಿಕಿತ್ಸೆಯ ಅಂಗವೆಂಬುದು ನನ್ನ ಖಚಿತ ಅಭಿಮತ.

ಎಂಡೋಸಲ್ಫಾನಿನ ದುರಂತವನ್ನು ನಮ್ಮ ಜಿಲ್ಲೆ ಮರೆಯಲಾರದು. ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಸಿಂಪಡಿಸಿದ ವಿಷದ ಪರಿಣಾಮವನ್ನು ಮೊದಲು ಗುರುತಿಸಿದವರಲ್ಲಿ ಪಡ್ರೆಯ ವೈದ್ಯರಾದ ಡಾ. ವೈ. ಎಸ್. ಮೋಹನ ಕುಮಾರ್ ಅವರು ಪ್ರಮುಖರು. ಊರಿನಲ್ಲೇ ನೆಲೆಸಿ, ಮನೆಮನೆಯ ಸುಖದುಃಖ ಕೇಳುತ್ತಿದ್ದುದರಿಂದಲೇ ಅವರಿಗೆ ಅದು ಕಂಡಿತು. ಆ ಕೀಟನಾಶಕವನ್ನು ಸರ್ವೋಚ್ಚ ನ್ಯಾಯಾಲಯವು ನಿಷೇಧಿಸಿದ್ದು 2011ರಲ್ಲಿ. ಅಂತಹ ವೈದ್ಯರ ಕಿವಿಗೆ ಬಿದ್ದ ಮಾತುಗಳು ಗಣಕಯಂತ್ರದ ಚೌಕಗಳಲ್ಲಿ ಹಿಡಿಸುತ್ತಿದ್ದವೇ ಎಂದು ನಾನು ಆಗಾಗ ಯೋಚಿಸುತ್ತೇನೆ.

1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಆದರೆ ನಮ್ಮ ಕಾಯಿಲೆಗಳು ಇಂದಿಗೂ ಮಂಗಳೂರಿನ ದಾರಿ ಹಿಡಿಯುತ್ತವೆ. 2020ರ ಮಾರ್ಚಿನಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ, ತಲಪಾಡಿ ದಾಟಲಾಗದೆ ರೋಗಿಗಳು ಪ್ರಾಣಬಿಟ್ಟ ದಿನಗಳನ್ನು ಯಾರು ಮರೆತಾರು? ವೈದ್ಯರ ಚೀಟಿ, ರಕ್ತಪರೀಕ್ಷೆಯ ವರದಿ, ಕ್ಷಕಿರಣದ ಚಿತ್ರ ಇವು ಗಡಿಯ ಇಕ್ಕೆಲಗಳಲ್ಲೂ ಒಂದೇ ಆರೋಗ್ಯ ಸಂಖ್ಯೆಯಡಿ ದೊರೆಯುವಂತಾದರೆ ನಮ್ಮಷ್ಟು ಪ್ರಯೋಜನ ಪಡೆಯುವವರು ಬೇರಿಲ್ಲ. ದೂರ ಸಮಾಲೋಚನೆಯಲ್ಲಿ ಮಾತ್ರ ರಾಜ್ಯವನ್ನು ಆರಿಸಬೇಕು. ಕೇರಳವೆಂದು ಒತ್ತಿದವರಿಗೆ ಕೇರಳದ ವೈದ್ಯರು ಸಿಗುತ್ತಾರೆ. ಅವರು ಕಾಸರಗೋಡಿನವರೇ ಆಗಿರಬೇಕೆಂದಿಲ್ಲ.

ಇದಕ್ಕೆ ಕಾನೂನಿನ ಆಸರೆ ಇಲ್ಲವೆನ್ನುವಂತಿಲ್ಲ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯು ಕನ್ನಡ, ತಮಿಳು ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸಲೂ ಅದರಲ್ಲೇ ಉತ್ತರ ಪಡೆಯಲೂ ಅವಕಾಶವಿತ್ತಿತು. ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ ಸಂಸತ್ತು 2023ರಲ್ಲಿ ಅಂಗೀಕರಿಸಿದ ಕಾಯಿದೆಯಂತೂ, ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ 8ನೆಯ ಅನುಸೂಚಿಯ ಭಾಷೆಗಳಲ್ಲಿ ಓದುವ ಆಯ್ಕೆ ಇರಬೇಕೆನ್ನುತ್ತದೆ. ಕನ್ನಡವು ಆ ಪಟ್ಟಿಯಲ್ಲಿದೆ. (ನಮ್ಮ ಅನೇಕ ಮನೆಗಳ ಮಾತಾದ ತುಳು ಅಲ್ಲಿಲ್ಲ, ಆ ವಿಷಾದವನ್ನು ಬರೆಯಲು ಬೇರೆಯೇ ಲೇಖನ ಬೇಕು.) ಓದಲಾಗದ ಬರಹದ ಕೆಳಗೆ ಒತ್ತಿದ ‘ಸಮ್ಮತಿ’ ಹೆಬ್ಬೆಟ್ಟಿಗಿಂತ ಮೇಲೇನೂ ಅಲ್ಲ. ಲಸಿಕೆಯ ‘ಕೋವಿನ್’ ತಾಣಕ್ಕೆ 2021ರ ಜೂನಿನಲ್ಲಿ ಕನ್ನಡವೂ ಸೇರಿದಂತೆ ಹಲವು ಭಾಷೆಗಳನ್ನು ಜೋಡಿಸಿದರು. ಮನಸ್ಸಿದ್ದರೆ ಕೆಲವೇ ತಿಂಗಳಲ್ಲಿ ಆಗುವ ಕೆಲಸವಿದು.

ನಮ್ಮ ಶಾಲೆಯ ಹಳೆ ವಿದ್ಯಾರ್ಥಿಗಳಲ್ಲಿ ದಾದಿಯರಿದ್ದಾರೆ, ಆಶಾ ಕಾರ್ಯಕರ್ತೆಯರಿದ್ದಾರೆ, ವೈದ್ಯರೂ ಗಣಕಯಂತ್ರ ಬಲ್ಲವರೂ ಇದ್ದಾರೆ. ವಾರಕ್ಕೆ ಎರಡು ದಿನವಾದರೂ ಕನ್ನಡ ಬಲ್ಲ ವೈದ್ಯರನ್ನು ದೂರ ಸಮಾಲೋಚನೆಗೆ ನಿಯೋಜಿಸಬೇಕು, ಮೊಬೈಲಿಗೆ ಬರುವ ಸಂದೇಶಗಳೂ ಮದ್ದು ಸೇವಿಸುವ ಕ್ರಮವೂ ಕನ್ನಡದಲ್ಲಿರಬೇಕು ಎಂದು ಜಿಲ್ಲಾ ವೈದ್ಯಾಧಿಕಾರಿಗಳಿಗೆ ಸಲ್ಲಿಸಲು ಒಂದು ಮನವಿಯನ್ನು ಕನ್ನಡದಲ್ಲಿಯೇ ಬರೆದಿಟ್ಟಿದ್ದೇನೆ. ಮಹೋತ್ಸವದ ಎರಡೂ ದಿನ ಅದು ಮುಖ್ಯೋಪಾಧ್ಯಾಯರ ಕೊಠಡಿಯ ಹೊರಗಿನ ಮೇಜಿನ ಮೇಲಿರುತ್ತದೆ. ಬಂಧುಗಳು ಓದಿ, ತಿದ್ದುವುದಿದ್ದರೆ ತಿದ್ದಿ, ಸಹಿ ಮಾಡಬೇಕೆಂದು ಕೋರುತ್ತೇನೆ.