ನೆಟ್‌ವರ್ಕ್ ಸರಿಯಾಗಿಯೇ ಇತ್ತು

ಹೋದ ನವರಾತ್ರಿಗೆ ಶಿವಮೊಗ್ಗಕ್ಕೆ ಹೋದಾಗ ಅಂಗಳದ ರಂಗೋಲಿ ನೋಡಿ ನಕ್ಕಿದ್ದೆ. 21 ಚುಕ್ಕಿ ಇಟ್ಟು ಕಣ್ಣು ಮುಚ್ಚಿಕೊಂಡೇ ಎಳೆಯುವ ಅಮ್ಮನ ಗೆರೆಗಳು ಚುಕ್ಕಿ ದಾಟಿ ಎಲ್ಲೆಲ್ಲೋ ಹೋಗಿದ್ದವು. "ಏನಮ್ಮ, ಕನ್ನಡಕ ಬದಲಿಸಬೇಕಾ?" ಅಂದೆ. "ಕೈ ನನ್ನ ಮಾತು ಕೇಳ್ತಿಲ್ಲ ಕಣೇ" ಅಂದಳು. ಅದನ್ನು ಅಲ್ಲಿಗೇ ಬಿಟ್ಟು ರಾತ್ರಿ ಬಸ್ ಹತ್ತಿದೆ. ಮರುದಿನ ಮೀಟಿಂಗ್ ಇತ್ತು.

ಆಮೇಲೆ ಫೋನಿನಲ್ಲಿ ಅವಳ ಮಾತು ತೊದಲತೊಡಗಿತು. "ನೆಟ್‌ವರ್ಕ್ ಸರಿಯಿಲ್ಲಮ್ಮ, ಆಮೇಲೆ ಮಾಡ್ತೀನಿ" ಅಂತ ಎಷ್ಟು ಸಲ ಕಟ್ ಮಾಡಿದೆನೋ. ನೆಟ್‌ವರ್ಕ್ ಸರಿಯಾಗಿಯೇ ಇತ್ತು.

ದೀಪಾವಳಿ ಹೊತ್ತಿಗೆ ಗೋಡೆ ಹಿಡಿಯದೆ ಬಚ್ಚಲಿಗೂ ಹೋಗೋಕಾಗ್ತಿರಲಿಲ್ಲ. ಕಾಲು ಅಗಲಿಸಿಕೊಂಡು, ಓಡುವ ಬಸ್ಸಿನೊಳಗೆ ನಡೆದ ಹಾಗೆ ನಡಿಗೆ. ಕುಡಿದಿದ್ದಾರಾ ಅಂತ ಬೀದಿಯಲ್ಲಿ ಯಾರೋ ಅಂದದ್ದು ಕಿವಿಗೆ ಬಿದ್ದ ಮೇಲೆ ತರಕಾರಿಗೆ ಹೋಗುವುದನ್ನೇ ನಿಲ್ಲಿಸಿದಳು. ಒಬ್ಬ ಡಾಕ್ಟರು ಕಿವಿಯ ತೊಂದರೆ ಅಂತ ಮಾತ್ರೆ ಕೊಟ್ಟರು. ಇನ್ನೊಬ್ಬರು ಕುತ್ತಿಗೆ ಸವೆತ ಅಂತ ಬೆಲ್ಟ್ ಹಾಕಿಸಿದರು. ಎಂಆರ್‌ಐ ನಾರ್ಮಲ್ ಬಂತು. "ನಾರ್ಮಲ್ ಅಂದ್ರಲ್ಲ, ದೇವರು ದೊಡ್ಡವನು" ಅಂದರು ಅಪ್ಪ. ನಾನೂ ನಂಬಿದೆ. ಹೀಗೇ 7 ವಾರ ಕಳೆಯಿತು.

ಕೊನೆಗೆ ಬೆಂಗಳೂರಿಗೆ ಕರೆತಂದು ನರರೋಗ ತಜ್ಞೆಯೊಬ್ಬರಿಗೆ ತೋರಿಸಿದೆ. ಅವರು ಮೊದಲು ಕೇಳಿದ್ದು, "ತಲೆ ಸುತ್ತುತ್ತಾ, ಇಲ್ಲ ಕಾಲು ನಿಲ್ಲಲ್ವಾ?" ಅಮ್ಮ ಅಂದಳು, "ತಲೆ ಸುತ್ತಲ್ಲ ಡಾಕ್ಟ್ರೇ, ಕಾಲು ಹೇಳಿದ ಕಡೆ ಹೋಗಲ್ಲ." ಬೆರಳಿಂದ ಮೂಗು ಮುಟ್ಟಿಸಿದರು, ಗೆರೆಯ ಮೇಲೆ ನಡೆಸಿದರು, ಕಾಗದದ ಮೇಲೆ ಸುರುಳಿ ಬರೆಸಿದರು. ಆ ಸುರುಳಿ ನೋಡಿದಾಗ ನನಗೆ ನವರಾತ್ರಿಯ ರಂಗೋಲಿ ನೆನಪಾಯಿತು.

ತಲೆಯ ಹಿಂಭಾಗದ ಕಿರುಮೆದುಳಿನ ಕೆಲಸ ಚಲನೆಯನ್ನು ಹದದಲ್ಲಿಡುವುದು. ಅದು ಕೆಟ್ಟರೆ ಬಲ ಇರುತ್ತದೆ, ಹಿಡಿತ ಇರುವುದಿಲ್ಲ. ಇದಕ್ಕೆ ಅಟಾಕ್ಸಿಯಾ ಅಂತಾರೆ. ವಂಶವಾಹಿಯಿಂದ ಬರುವಂಥದ್ದು ಸಾಮಾನ್ಯವಾಗಿ ವರ್ಷಗಟ್ಟಲೆ ನಿಧಾನವಾಗಿ ಹೆಚ್ಚುತ್ತದೆ. ವಾರಗಳಲ್ಲೇ ಇಷ್ಟು ಕೆಟ್ಟಿದೆ ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ಕಿರುಮೆದುಳಿನ ಮೇಲೆ ತಿರುಗಿಬಿದ್ದಿರಬಹುದು ಎಂಬ ಅನುಮಾನ ಅವರಿಗೆ. ಆರಂಭದಲ್ಲಿ ಎಂಆರ್‌ಐ ನಾರ್ಮಲ್ ಇರುವುದು ಇದರಲ್ಲಿ ಮಾಮೂಲಂತೆ! (ಗಂಟೆಗಳಲ್ಲೇ ಹೀಗಾದರೆ ಅದು ಸ್ಟ್ರೋಕ್ ಇರಬಹುದು, ಆಗ ಯಾರನ್ನೂ ಕೇಳದೆ ಎಮರ್ಜೆನ್ಸಿಗೆ ಹೋಗಿ.)

ಬಿ12, ವಿಟಮಿನ್ ಇ, ಥೈರಾಯ್ಡ್ ನೋಡಿದರು. ಬೆನ್ನಿನಿಂದ ದ್ರವ ತೆಗೆದರು. ರಕ್ತ, ದ್ರವ ಎರಡರಲ್ಲೂ ಆಂಟಿಬಾಡಿ ಹುಡುಕಿಸಿದರು. ಇಡೀ ಮೈಗೆ ಪೆಟ್ ಸ್ಕ್ಯಾನ್ ಬರೆದಾಗ ನನ್ನ ಎದೆ ಧಸಕ್ ಅಂತು. ಕೆಲವೊಮ್ಮೆ ಅಂಡಾಶಯ ಅಥವಾ ಸ್ತನದಲ್ಲಿ ಅಡಗಿರುವ ಕ್ಯಾನ್ಸರ್ ವಿರುದ್ಧ ಹುಟ್ಟಿದ ಪ್ರತಿರೋಧವೇ ದಾರಿ ತಪ್ಪಿ ಕಿರುಮೆದುಳಿಗೆ ಹೊಡೆಯುತ್ತದೆ. ಅಲ್ಲಿ ನಮಗೆ ಏನೂ ಸಿಗಲಿಲ್ಲ. ಸಿಕ್ಕಿದ್ದು ಗ್ಯಾಡ್65 ಆಂಟಿಬಾಡಿ, ಅದೂ ವಿಪರೀತ ಪ್ರಮಾಣದಲ್ಲಿ. ನರಗಳಿಗೆ ಬ್ರೇಕ್ ಹಾಕುವ ಗಾಬಾ ಎಂಬ ರಾಸಾಯನಿಕವನ್ನು ತಯಾರಿಸುವ ಕಿಣ್ವ ಗ್ಯಾಡ್. ಟೈಪ್ 1 ಮಧುಮೇಹದಲ್ಲೂ ಇದೇ ಆಂಟಿಬಾಡಿ ಸಿಗುತ್ತದೆ, ಆದರೆ ಸಾಮಾನ್ಯವಾಗಿ ಕಡಿಮೆ ಮಟ್ಟದಲ್ಲಿ. ಅಮ್ಮನಿಗೆ 42ನೇ ವಯಸ್ಸಿಗೇ ಶುಗರ್ ಬಂದು ಬೇಗನೆ ಇನ್ಸುಲಿನ್‌ಗೆ ತಿರುಗಿತ್ತು, ಥೈರಾಯ್ಡ್ ಮಾತ್ರೆಯೂ ಇತ್ತು. ಸುಳಿವು ಫ್ರಿಜ್ಜಿನ ಬಾಗಿಲಲ್ಲೇ ಕೂತಿತ್ತು.

ಅಷ್ಟರಲ್ಲಿ ಫ್ಯಾಮಿಲಿ ಗ್ರೂಪಿನಲ್ಲಿ ಚಿಕ್ಕಪ್ಪ "ಗೋಧಿ ಬಿಡಿಸಿ" ಅಂತ ವಿಡಿಯೋ ಹಾಕಿದರು. ಪೂರ್ತಿ ಸುಳ್ಳಲ್ಲ. ಗ್ಲುಟೆನ್‌ನಿಂದ ಬರುವ ಅಟಾಕ್ಸಿಯಾವನ್ನು ಇಂಗ್ಲೆಂಡಿನ ಶೆಫೀಲ್ಡ್‌ನ ವೈದ್ಯರು 1990ರ ದಶಕದಲ್ಲೇ ಗುರುತಿಸಿದ್ದಾರೆ, ಅಂಥವರು ಗೋಧಿ ಬಿಡಲೇಬೇಕು. ಅಮ್ಮನ ಟೆಸ್ಟ್ ನೆಗೆಟಿವ್ ಬಂತು. ಚಪಾತಿ ಉಳಿಯಿತು.

ಮೀಥೈಲ್‌ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ದಿನಕ್ಕೆ 1 ಗ್ರಾಂನಂತೆ 5 ದಿನ ಡ್ರಿಪ್ಪಿನಲ್ಲಿ. ಶುಗರ್ 400 ದಾಟಿತು, ಇನ್ಸುಲಿನ್ ಏರಿಸುತ್ತಾ ನರ್ಸ್‌ಗಳೂ ನಾನೂ ನಿದ್ದೆಗೆಟ್ಟೆವು. ಆಮೇಲೆ ಐವಿಐಜಿ, ದಾನಿಗಳ ರಕ್ತದಿಂದ ತೆಗೆದ ಆಂಟಿಬಾಡಿ, ಕೆಜಿ ತೂಕಕ್ಕೆ ಒಟ್ಟು 2 ಗ್ರಾಂ ಲೆಕ್ಕ. 58 ಕೆಜಿ ಅಮ್ಮನಿಗೆ 116 ಗ್ರಾಂ. ಆ ಬಿಲ್ ನೋಡಿ ಅಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ರೋಗ ಮರುಕಳಿಸದಿರಲಿ ಅಂತ ಟಿಬಿ, ಹೆಪಟೈಟಿಸ್ ಬಿ ಇಲ್ಲವೆಂದು ಖಚಿತ ಮಾಡಿಕೊಂಡು ರಿಟುಕ್ಸಿಮ್ಯಾಬ್ ಶುರು ಮಾಡಿದರು.

"ಪೂರ್ತಿ ವಾಸಿಯಾಗುತ್ತಾ?" ಅಂತ ಕೇಳಿದ್ದಕ್ಕೆ ಡಾಕ್ಟರು ನೇರವಾಗಿ ಹೇಳಿದರು: ಸತ್ತ ನರಕೋಶ ವಾಪಸ್ ಬರಲ್ಲ, ಉಳಿದದ್ದನ್ನು ಉಳಿಸಿಕೊಳ್ಳೋಣ. ಇನ್ನೂ ಮೊದಲೇ ಬಂದಿದ್ದರೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅಟಾಕ್ಸಿಯಾ ಎಷ್ಟಿದೆ ಅಂತ ಅಳೆಯಲು 40 ಅಂಕಗಳ ಒಂದು ಮಾಪನವಿದೆ, ಹೆಚ್ಚಾದಷ್ಟೂ ಕೆಟ್ಟದ್ದು. ಅಮ್ಮ 17ರಿಂದ 6 ತಿಂಗಳಲ್ಲಿ 10ಕ್ಕೆ ಇಳಿದಿದ್ದಾಳೆ. ದಿನಾ ಫಿಸಿಯೋ ಇದೆ. ಕೋಲು ಹಿಡಿದು ಮೂಲೆಯ ತರಕಾರಿ ಅಂಗಡಿಗೆ ಹೋಗಿಬರುತ್ತಾಳೆ. ಮಣೆ ಹಾಕಿ ಕೂತು 5 ಚುಕ್ಕಿಯ ರಂಗೋಲಿ ಇಡುತ್ತಾಳೆ. ಒಂದೆರಡು ಗೆರೆ ಇನ್ನೂ ಚುಕ್ಕಿ ತಪ್ಪುತ್ತವೆ.

ಫೋನಿನಲ್ಲಿ ದನಿ ತಡವರಿಸಿದರೆ ಈಗ ಅವಳೇ ಕೇಳುತ್ತಾಳೆ, "ನೆಟ್‌ವರ್ಕಾ, ನಾನಾ?" ಗೊತ್ತಿಲ್ಲಮ್ಮ, ಇನ್ನೊಂದ್ಸಲ ಹೇಳು ಅಂತೀನಿ.