ಜಲ್ಲಿಯಲ್ಲಿ ವಜ್ರ ಹುಡುಕುವ ಲೆಕ್ಕ

ಕುದುರೆಮುಖದ ಗಂಗಾಮೂಲದಲ್ಲಿ ಹುಟ್ಟುವ ಭದ್ರೆ ಕಳಸ, ಬಾಳೆಹೊನ್ನೂರು ದಾಟಿ ಕೂಡಲಿಯಲ್ಲಿ ತುಂಗೆಯನ್ನು ಕೂಡುತ್ತಾಳೆ. ತುಂಗಭದ್ರೆಯಾಗಿ ಹರಿದು ಕೃಷ್ಣೆಯನ್ನು ಸೇರುತ್ತಾಳೆ. ಅದೇ ಕೃಷ್ಣೆಯ ದಡದಲ್ಲಿ, ಆಂಧ್ರದ ಗುಂಟೂರು ಸೀಮೆಯಲ್ಲಿ, ಕೊಲ್ಲೂರು ಎಂಬ ಊರಿತ್ತು. ನಮ್ಮ ಮೂಕಾಂಬಿಕೆಯ ಕೊಲ್ಲೂರಲ್ಲ, ವಜ್ರದ ಕೊಲ್ಲೂರು. 17ನೆಯ ಶತಮಾನದಲ್ಲಿ ಅಲ್ಲಿಗೆ ಬಂದಿದ್ದ ಫ್ರೆಂಚ್ ವ್ಯಾಪಾರಿ ತಾವೆರ್ನಿಯೆ, ಸುಮಾರು 60,000 ಮಂದಿ ಅಲ್ಲಿ ಮಣ್ಣು ಅಗೆಯುತ್ತಿದ್ದರೆಂದು ಬರೆದಿದ್ದಾನೆ. ಕೊಹಿನೂರ್ ವಜ್ರ ಸಿಕ್ಕಿದ್ದೂ ಅಲ್ಲೇ ಎಂಬುದು ಬಹುಕಾಲದ ನಂಬಿಕೆ.

ಹಾಗಾದರೆ ಭದ್ರೆಯ ಜಲ್ಲಿಯಲ್ಲೂ ವಜ್ರ ಹುಡುಕಬಹುದಲ್ಲ ಎಂದು ಚುರುಕಾದ ವಿದ್ಯಾರ್ಥಿ ಕೇಳಿಯಾನು. ಪ್ರಶ್ನೆ ಒಳ್ಳೆಯದೇ. ಆದರೆ ಭೂವಿಜ್ಞಾನಿ ಹಾರೆ ಹಿಡಿಯುವ ಮೊದಲು ಇನ್ನೊಂದು ಪ್ರಶ್ನೆ ಹಾಕುತ್ತಾನೆ: ವಜ್ರ ಎಲ್ಲಿಂದ ಬರಬೇಕು? ವಜ್ರ ನದಿಯಲ್ಲಿ ಹುಟ್ಟುವುದಿಲ್ಲ. ಭೂಮಿಯ ಆಳದಿಂದ ಅದನ್ನು ಮೇಲಕ್ಕೆ ಹೊತ್ತು ತರುವುದು ಮುಖ್ಯವಾಗಿ ಕಿಂಬರ್ಲೈಟ್ ಎಂಬ ಶಿಲೆ. ಅನಂತಪುರದ ವಜ್ರಕರೂರಿನಲ್ಲಿ ಅಂಥ ಶಿಲೆ ಇದೆ. ಮಳೆಗಾಳಿಗೆ ಶಿಲೆ ಸವೆದಾಗ ಬಿಡಿಯಾದ ವಜ್ರ ಹೊಳೆಗೆ ಬೀಳುತ್ತದೆ. ಹೊಳೆ ಕೆಳಕ್ಕೆ ಒಯ್ಯುತ್ತದೆಯೇ ಹೊರತು ಮೇಲಕ್ಕಲ್ಲ. ಕೊಲ್ಲೂರಿನಲ್ಲಿ ಸಿಕ್ಕಿತೆಂದು ಕಳಸದಲ್ಲಿ ಜರಡಿ ಹಿಡಿದು ಕೂರಬೇಕಿಲ್ಲ.

ಹಂತಹಂತದ ಅನ್ವೇಷಣೆ ಎಂದರೆ ಇದೇ. ಮೊದಲ ಹಂತದಲ್ಲಿ ಅಗೆತವಿಲ್ಲ. ಭೂಪಟ, ಉಪಗ್ರಹ ಚಿತ್ರ, ಹಳೆಯ ದಾಖಲೆಗಳನ್ನು ಮುಂದಿಟ್ಟುಕೊಂಡು ನದಿ ಹಿಂದೆ ಎಲ್ಲಿ ಹರಿದಿತ್ತು, ಯಾವ ದಡದಲ್ಲಿ ಜಲ್ಲಿ ಬಿಟ್ಟುಹೋಗಿದೆ ಎಂದು ನೋಡುವುದು. ಜೊತೆಗೆ ಹಳ್ಳಗಳ ಮರಳು ತೊಳೆದು ಪೈರೋಪ್ ಗಾರ್ನೆಟ್, ಕ್ರೋಮ್ ಡಯಾಪ್ಸೈಡ್‌ನಂಥ ಖನಿಜಗಳನ್ನು ಹುಡುಕುವುದು. ಇವು ಕಿಂಬರ್ಲೈಟಿನ ಸಂಗಾತಿಗಳು, ವಜ್ರಕ್ಕಿಂತ ಎಷ್ಟೋ ಪಾಲು ಹೆಚ್ಚು ಸಿಗುವಂಥವು.

ಸುಳಿವು ಸಿಕ್ಕರೆ ಮಾತ್ರ ಎರಡನೆಯ ಹಂತ. ಅಲ್ಲಲ್ಲಿ ಗುಂಡಿ ತೋಡಿ ಜಲ್ಲಿಯ ಪದರ ಎಷ್ಟು ದಪ್ಪ, ಎಷ್ಟು ಅಗಲ, ಮೇಲೆ ಎಷ್ಟು ಮಣ್ಣು ಮುಚ್ಚಿದೆ ಎಂದು ಅಳೆಯುತ್ತಾರೆ. ಸಾಮಾನ್ಯ ಮರಳಿನ ಸಾಂದ್ರತೆ 2.65, ವಜ್ರದ್ದು 3.5. ಭಾರವಾದ್ದರಿಂದ ಅದು ನೀರಿನ ಓಟ ಕುಗ್ಗುವ ತಿರುವಿನಲ್ಲಿ, ಬಂಡೆಯ ಗುಳಿಯಲ್ಲಿ, ಜಲ್ಲಿಯ ತಳದಲ್ಲಿ ತಂಗುತ್ತದೆ.

ಮೂರನೆಯದು ಹಣ ನುಂಗುವ ಹಂತ. ಜಲ್ಲಿಯನ್ನು ಟನ್‌ಗಟ್ಟಲೆ ತೆಗೆದು ತೊಳೆಯಬೇಕು. ಅಷ್ಟೇಕೆ ಎನ್ನುವಿರಾ? ಮಧ್ಯಪ್ರದೇಶದ ಪನ್ನಾ ಬಳಿಯ ಮಝ್‌ಗವಾನ್ ಗಣಿಯಲ್ಲಿ 100 ಟನ್ ಶಿಲೆಗೆ ಸಿಗುವುದು ಸುಮಾರು 10 ಕ್ಯಾರೆಟ್. ಒಂದು ಕ್ಯಾರೆಟ್ ಎಂದರೆ 0.2 ಗ್ರಾಂ. ಅಂದರೆ 5 ಕೋಟಿ ಪಾಲಿನಲ್ಲಿ ಒಂದು ಪಾಲು! ಈಗ ಒಂದು ಲೆಕ್ಕ ಮಾಡಿ. ಸರಾಸರಿ 10 ಟನ್ ಜಲ್ಲಿಗೆ ಒಂದು ಹರಳು ಇದೆ ಎನ್ನೋಣ. ಒಂದು ಟನ್ ತೊಳೆದರೆ 100ರಲ್ಲಿ 90 ಸಲ ಬರಿಗೈ. 10 ಟನ್ ತೊಳೆದರೂ 37 ಸಲ ಬರಿಗೈ. 30 ಟನ್ ತೊಳೆದಾಗಲೇ ಅದು 5ಕ್ಕೆ ಇಳಿಯುತ್ತದೆ. ಸಂಭವನೀಯತೆಯ ಪಾಠ ಯಾಕೆ ಓದಬೇಕು ಎಂದು ಕೇಳುವ ಪಿಯುಸಿ ಹುಡುಗರಿಗೆ ಇದೇ ಉತ್ತರ. ಒಂದು ಗುಂಡಿಯಲ್ಲಿ ಸಿಕ್ಕಿತೆಂದು ಕುಣಿಯುವವನೂ ಸಿಗಲಿಲ್ಲವೆಂದು ಎದ್ದುಹೋಗುವವನೂ ಇಬ್ಬರೂ ತಪ್ಪುತ್ತಾರೆ.

ಕೊನೆಯ ಹಂತದಲ್ಲಿ ಸಿಕ್ಕ ಹರಳುಗಳ ಬೆಲೆ, ತೆಗೆಯುವ ಖರ್ಚು, ಅಗೆದ ನೆಲವನ್ನು ಮತ್ತೆ ಸರಿಪಡಿಸುವ ಖರ್ಚು ಎಲ್ಲವನ್ನೂ ತೂಗುತ್ತಾರೆ. ಪ್ರತಿ ಹಂತದ ಕೊನೆಗೂ ಒಂದೇ ಪ್ರಶ್ನೆ: ಮುಂದುವರಿಯುವುದೊ, ನಿಲ್ಲಿಸುವುದೊ? ಮೊದಲ ಹಂತದಲ್ಲೇ ನಿಲ್ಲಿಸಿದರೆ ಅದು ಸೋಲಲ್ಲ; ಮುಂದಿನ ಹಂತದ ದುಡ್ಡು ಉಳಿಯಿತು ಎಂದರ್ಥ.

ಆದರೆ ಯಾವ ಪ್ರಶ್ನೆಯನ್ನು ಯಾವ ಹಂತದಲ್ಲಿ ಕೇಳಬೇಕು? ಇದಕ್ಕೆ ಕುದುರೆಮುಖವೇ ಪಾಠ. ಇಲ್ಲಿನ ಕಬ್ಬಿಣದ ಅದಿರನ್ನು ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ 1913ರಲ್ಲಿ ಗುರುತಿಸಿದರು. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು, 1980ರಲ್ಲಿ ಉತ್ಪಾದನೆ ಶುರುವಾಯಿತು. ಅದಿರು ಎಷ್ಟಿದೆ, ಕಬ್ಬಿಣ ಎಷ್ಟಿದೆ, ಮಂಗಳೂರಿಗೆ ಕೊಳವೆಯಲ್ಲಿ ಸಾಗಿಸುವುದು ಹೇಗೆ ಎಂಬ ಪ್ರಶ್ನೆಗಳಿಗೆಲ್ಲ ಎಂಜಿನಿಯರುಗಳು ಸಮರ್ಥವಾಗಿ ಉತ್ತರಿಸಿದರು. ಕಾಡು ಮತ್ತು ಹೊಳೆಯ ಪ್ರಶ್ನೆ ಪೂರ್ಣವಾಗಿ ಎದ್ದು ನಿಂತದ್ದು ಆಮೇಲೆ. 1987ರಲ್ಲಿ ರಾಷ್ಟ್ರೀಯ ಉದ್ಯಾನದ ಘೋಷಣೆ, 2002ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು, 2005ರ ಡಿಸೆಂಬರ್ 31ಕ್ಕೆ ಗಣಿಗೆ ಬೀಗ. ಗಣಿಯನ್ನೇ ನಂಬಿ ಬೆಳೆದಿದ್ದ ಊರು ಖಾಲಿಯಾಗುತ್ತ ಹೋಯಿತು. ವಜ್ರದ ಜಲ್ಲಿಯಂತೂ ಇರುವುದೇ ಹೊಳೆಯ ಮಡಿಲಲ್ಲಿ. ಅಲ್ಲಿ ಈ ಪ್ರಶ್ನೆ ಭೂಪಟ ಬಿಡಿಸುವ ದಿನವೇ ಬರಬೇಕು.

ಭೂವಿಜ್ಞಾನ ಓದಿದರೆ ಕೆಲಸ ಸಿಕ್ಕೀತೆ ಎಂಬ ಹೆತ್ತವರ ಅಳುಕು ಸಹಜ. ಬಿ.ಎಸ್ಸಿ.ಯಲ್ಲಿ ಭೂವಿಜ್ಞಾನ ಓದಿದವರು ಮೈಸೂರು, ಧಾರವಾಡ, ಬೆಂಗಳೂರಿನಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡಬಹುದು. ಮಲೆನಾಡಿನವರಿಗೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯ ಹತ್ತಿರ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೆ ಯುಪಿಎಸ್‌ಸಿ ಪರೀಕ್ಷೆಯ ದಾರಿ ಇದೆ. ಅಂತರ್ಜಲ, ಅಣೆಕಟ್ಟು, ಭೂಕುಸಿತ ಇವೆಲ್ಲಕ್ಕೂ ಈ ವಿದ್ಯೆ ಬೇಕು.

ಆಸಕ್ತಿ ಇದೆಯೆ ಎಂದು ತಿಳಿಯಲು ಬೇಸಿಗೆಯಲ್ಲಿ ಹಿರಿಯರ ಜೊತೆ, ರಕ್ಷಿತಾರಣ್ಯದ ಹೊರಗಿನ ಹಳ್ಳದ ಅಂಚಿನಿಂದ ಒಂದು ಹಿಡಿ ಮರಳು ತನ್ನಿ. ಅಗಲ ತಟ್ಟೆಯಲ್ಲಿ ನೀರು ಹಾಕಿ ಮೆಲ್ಲನೆ ಕುಲುಕಿ, ಹಗುರ ಮರಳನ್ನು ಚೆಲ್ಲುತ್ತ ಬನ್ನಿ. ತಳದಲ್ಲಿ ಕಪ್ಪು ಕಣಗಳು ಉಳಿದರೆ ಒಣಗಿಸಿ, ಅಯಸ್ಕಾಂತ ಹಿಡಿಯಿರಿ. ಅಂಟಿಕೊಂಡದ್ದು ಬಹುಮಟ್ಟಿಗೆ ಮ್ಯಾಗ್ನಟೈಟ್, ಕುದುರೆಮುಖದ ಅದಿರಿನ ಖನಿಜವೇ. ಎಲ್ಲಿಂದ ಬಂತೆಂದು ಭೂಪಟದಲ್ಲಿ ಹಳ್ಳದ ಜಾಡು ಹಿಡಿದು ಮೇಲಕ್ಕೆ ಹೋಗಿ ನೋಡಿ.