ಹಳದಿಯ ಹಿಂದೆ ನಿಂತವರು

ಮುಂಗಾರು ಹಿಡಿದು ಸೂರ್ಯಕಾಂತಿ ಅರಳಿತೆಂದರೆ ಗುಂಡ್ಲುಪೇಟೆಯ ಊಟಿ ರಸ್ತೆಯ ಬದಿಯಲ್ಲಿ ಕಾರುಗಳು ಸಾಲುಗಟ್ಟುತ್ತವೆ. ಹೊಲಕ್ಕಿಳಿದು ಫೋಟೊ ತೆಗೆಸಿಕೊಳ್ಳುವವರಿಂದ ದುಡ್ಡು ಪಡೆಯುವ ರೈತರೂ ಇದ್ದಾರೆ. ಪಡೆಯಲಿ, ತುಳಿತಕ್ಕೆ ಸಿಗುವ ಗಿಡ ಅವರದೇ ತಾನೆ? ನನ್ನ ತಕರಾರು ಆ ಫೋಟೊಗಳ ಮೇಲೆ. ಸಾವಿರ ಜನ ತೆಗೆದರೂ ಫೋಟೊ ಒಂದೇ: ಹಳದಿ. ಗಿಣಿ ಓಡಿಸಲು ಬದುವಿನ ಮೇಲೆ ನಿಂತ ಹೆಂಗಸು ಚಿತ್ರದೊಳಗೇ ಇರುತ್ತಾಳೆ, ಯಾರ ಕಣ್ಣಿಗೂ ಬೀಳುವುದಿಲ್ಲ.

ಅದನ್ನು ಕಪ್ಪು-ಬಿಳುಪು ಮಾಡಿ ನೋಡಿ ಎನ್ನುತ್ತೇನೆ ನಾನು. ಫೋನಿನಲ್ಲಿ ‘ಮೋನೊ’ ಒತ್ತಿದರೆ ಸಾಲದು. ಬಣ್ಣವನ್ನು ಸುಮ್ಮನೆ ಅಳಿಸಿದರೆ ಹಳದಿ ಹೆಚ್ಚುಕಡಿಮೆ ಬಿಳಿಯಾಗಿ ಉಳಿದು ಕಣ್ಣನ್ನು ಮತ್ತೆ ಹೂವಿಗೇ ಎಳೆಯುತ್ತದೆ. ಲೈಟ್‌ರೂಮ್‌ನಂಥ ತಂತ್ರಾಂಶದಲ್ಲಿ ಮೂಲದ ಯಾವ ಬಣ್ಣ ಎಷ್ಟು ಕಪ್ಪಾಗಬೇಕು, ಎಷ್ಟು ಬೆಳ್ಳಗಾಗಬೇಕು ಎಂದು ಬೇರೆಬೇರೆಯಾಗಿ ತೀರ್ಮಾನಿಸಬಹುದು. ಹಳದಿಯನ್ನು ಇಳಿಸಿ. ಎಲೆಯ ಹಸಿರಿನಲ್ಲೂ ಹಳದಿ ಇರುವುದರಿಂದ ಹೂ, ಎಲೆ ಎರಡೂ ಹಿಂದೆ ಸರಿಯುತ್ತವೆ. ಕಿತ್ತಳೆಯನ್ನು ಒಂದಿಷ್ಟು ಏರಿಸಿ. ನಮ್ಮ ಚರ್ಮದ ಬಣ್ಣ ಬಹುಪಾಲು ಅಲ್ಲೇ ಇದೆ. ಆಕೆಯನ್ನು ಬೆಳ್ಳಗೆ ಮಾಡಲಿಕ್ಕಲ್ಲ, ಮುಖ ಕಾಣಲಿ ಎಂದು. ಆಗ ಮುಖ, ತೋಳು, ಕೈಯಲ್ಲಿರುವ ತಗಡಿನ ಡಬ್ಬ ಒಂದೊಂದಾಗಿ ಮುಂದೆ ಬರುತ್ತವೆ. ಫಿಲ್ಮ್ ಕಾಲದವರು ಲೆನ್ಸಿನ ಮುಂದೆ ಹಳದಿ, ಕೆಂಪು ಫಿಲ್ಟರ್ ಹಾಕಿ ಮಾಡುತ್ತಿದ್ದುದೂ ಇಂಥದ್ದನ್ನೇ. ಅವರು ಕ್ಲಿಕ್ಕಿಸುವ ಮೊದಲೇ ನಿರ್ಧರಿಸಬೇಕಿತ್ತು. ಬಣ್ಣದ ಫೈಲು ಕೈಯಲ್ಲಿರುವವರಿಗೆ ಪುರುಸೊತ್ತಿದೆ. (ಚೆಂಡುಹೂವಿನ ಹೊಲದಲ್ಲಿ ಈ ಉಪಾಯ ನಡೆಯದು. ಹೂವೂ ಕಿತ್ತಳೆ, ಮುಖವೂ ಕಿತ್ತಳೆ, ಏರಿದರೆ ಎರಡೂ ಏರುತ್ತವೆ. ಕಾರ್ಖಾನೆಯವರು ಬಣ್ಣ ಹಿಂಡುವುದಕ್ಕೆಂದು ಬೆಳೆಸುವ ಹೂ, ನಮಗೆ ಅಷ್ಟು ಸುಲಭಕ್ಕೆ ಬಿಟ್ಟುಕೊಟ್ಟೀತೆ?)

ಭಾರತವನ್ನು ಬಣ್ಣದಲ್ಲೇ ನೋಡಬೇಕೆಂದು ವಾದಿಸಿದವರು ರಘುಬೀರ್ ಸಿಂಗ್. ಅವರ ‘ರಿವರ್ ಆಫ್ ಕಲರ್’ 1998ರಲ್ಲಿ ಬಂತು. ಅವರ ಚಿತ್ರಗಳಿಂದ ಬಣ್ಣ ತೆಗೆದರೆ ಚಿತ್ರವೇ ಕುಸಿಯುತ್ತದೆ, ಒಪ್ಪುತ್ತೇನೆ. ಅಲ್ಲಿ ಬಣ್ಣ ದುಡಿಯುತ್ತದೆ. ನಮ್ಮ ಹೆದ್ದಾರಿ ಫೋಟೊಗಳಲ್ಲಿ ಅದು ದುಡಿಯುವವರನ್ನು ಮುಚ್ಚುತ್ತದೆ. ಮೈಸೂರಿನ ಟಿ.ಎಸ್. ಸತ್ಯನ್ ಕಪ್ಪು-ಬಿಳುಪಿನಲ್ಲಿ ತೆಗೆದ ಮಕ್ಕಳನ್ನು ನೋಡುವಾಗ, ಆ ಅಂಗಿ ಯಾವ ಬಣ್ಣದ್ದು ಎಂಬ ಪ್ರಶ್ನೆ ನನಗಂತೂ ಎಂದೂ ಎದ್ದಿಲ್ಲ.

ಹಾಗೆಂದು ಸ್ಪರ್ಧೆಗೆ ಕಳಿಸಲು ಅಜ್ಜಿಯ ಸುಕ್ಕುಗಳಿಗೆಲ್ಲ ಮಸಿ ಬಳಿದು, ಇಲ್ಲದ ದುಃಖವನ್ನು ಮುಖಕ್ಕೆ ತುಂಬುವವರ ಪಕ್ಷ ನಾನಲ್ಲ. ಅಜ್ಜಿ ಎಲೆಯಡಿಕೆ ಜಗಿಯುತ್ತ ನೆಮ್ಮದಿಯಾಗಿ ಕೂತಿದ್ದರೆ ಹಾಗೇ ಕೂರಲಿ ಬಿಡಿ.